ನಾಟ್‌ಮಚ್ ಬಳಸಿ ಟರ್ಮಿನಲ್‌ನಲ್ಲೇ ಮೇಲ್ ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ನಾಟ್‌ಮಚ್ ಬಳಸಲು ಶುರು ಮಾಡಿ ತುಂಬ ವರ್ಷಗಳಾದವು. ನೋಡಿದ ಗೆಳೆಯರು, ಆಫೀಸಿನವರು, ನೆಂಟರ ಮಕ್ಕಳು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಕಮಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ಅವನ್ನು ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ನಾಟ್‌ಮಚ್ ಅನ್ನುವುದು ಒಂದೇ ಪದ, ನಡುವೆ ಜಾಗ ಇಲ್ಲ: ಎನ್, ಓ, ಟಿ, ಎಮ್, ಯು, ಸಿ, ಎಚ್. ಹುಡುಕುವ ಪದ ಕನ್ನಡದ್ದಾಗಿದ್ದರೆ ಅದನ್ನು ಮಾತ್ರ ಕನ್ನಡದಲ್ಲೇ ಟೈಪ್ ಮಾಡಿ.

ನಾಟ್‌ಮಚ್ ಅಂದ್ರೆ ಏನು?

ನಿಮ್ಮ ಕಂಪ್ಯೂಟರ್‌ನಲ್ಲಿರುವ ಮೇಲ್‌ಗಳನ್ನೆಲ್ಲ ಒಮ್ಮೆ ಓದಿ, ಯಾವ ಪದ ಯಾವ ಮೇಲ್‌ನಲ್ಲಿದೆ ಅಂತ ಪಟ್ಟಿ ಮಾಡಿಟ್ಟುಕೊಳ್ಳುವ ಪ್ರೋಗ್ರಾಮ್. ಪುಸ್ತಕದ ಕೊನೆಯಲ್ಲಿ ಪದಗಳ ಪಟ್ಟಿ ಇರುತ್ತಲ್ಲ, ಹಾಗೆ. ಆ ಪಟ್ಟಿ ಮಾಡುವ ಕೆಲಸ ಝೇಪಿಯನ್ ಅನ್ನುವ ಲೈಬ್ರರಿಯದ್ದು. ಕಾರ್ಲ್ ವರ್ತ್ 2009ರಲ್ಲಿ ನಾಟ್‌ಮಚ್ ಶುರು ಮಾಡಿದರು. ಅದಕ್ಕೂ ಮೊದಲು ರೂಬಿ ಭಾಷೆಯಲ್ಲಿ ಬರೆದ ಸಪ್ ಅನ್ನುವ ಮೇಲ್ ಪ್ರೋಗ್ರಾಮ್ ಇತ್ತು. ಫೋಲ್ಡರ್ ಬೇಡ, ಹುಡುಕಾಟ ಮತ್ತು ಟ್ಯಾಗ್ (ಮೇಲ್‌ಗೆ ಅಂಟಿಸುವ ಹೆಸರು ಚೀಟಿ) ಸಾಕು ಅನ್ನುವ ಆಲೋಚನೆ ಅಲ್ಲಿಂದ ಬಂದದ್ದು. ನಾಟ್‌ಮಚ್ ಸಿ ಭಾಷೆಯಲ್ಲಿದೆ, ಜಿಪಿಎಲ್ ಲೈಸೆನ್ಸ್‌ನ ಸ್ವತಂತ್ರ ತಂತ್ರಾಂಶ, ದುಡ್ಡು ಕೊಡಬೇಕಾಗಿಲ್ಲ.

ಬ್ರೌಸರ್‌ನಲ್ಲೇ ಹುಡುಕಬಹುದಲ್ವಾ? ಇದು ಯಾಕೆ ಬೇಕು?

ಬ್ರೌಸರ್‌ನಲ್ಲಿ ಹುಡುಕಲು ನೆಟ್ ಬೇಕು, ಲಾಗಿನ್ ಬೇಕು, ಆ ಅಕೌಂಟ್ ಇನ್ನೂ ಬದುಕಿರಬೇಕು. ನನಗೆ ಮೂರು ಅಕೌಂಟ್ ಇವೆ. ಅವುಗಳಲ್ಲಿ ಒಂದು ಕಾಲೇಜಿನದ್ದು, ಅದನ್ನು ಮುಚ್ಚಿ ಎಷ್ಟೋ ಕಾಲವಾಯಿತು. ಆದರೆ ಮುಚ್ಚುವ ಮೊದಲು ಮೇಲ್‌ಗಳನ್ನು ಇಳಿಸಿಕೊಂಡಿದ್ದೆ. ಈಗ ಮೂರರಲ್ಲೂ ಒಂದೇ ಸಲ ಹುಡುಕುತ್ತೇನೆ.

ಒಂದು ಸಲ ಬಾಡಿಗೆ ಮನೆ ಖಾಲಿ ಮಾಡುವಾಗ ಅಡ್ವಾನ್ಸ್ ಎಷ್ಟು ಕೊಟ್ಟಿದ್ದೆವು ಅನ್ನುವುದಕ್ಕೆ ಮಾತು ಬೆಳೆಯಿತು. ನಾವು 80 ಸಾವಿರ ಅಂದೆವು, ಮನೆ ಮಾಲೀಕರು 60 ಅಂದರು. ಸಾಮಾನೆಲ್ಲ ಲಾರಿಗೆ ಹತ್ತಿತ್ತು, ನೆಟ್ ಕನೆಕ್ಷನ್ ತೆಗೆಸಿಯಾಗಿತ್ತು. ಮೆಟ್ಟಿಲ ಮೇಲೆ ಕೂತು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಒಂದು ಸಾಲು ಟೈಪ್ ಮಾಡಿದೆ. ಆರು ವರ್ಷ ಹಿಂದೆ ಅವರೇ ಕಳಿಸಿದ್ದ ರಸೀದಿಯ ಮೇಲ್ ಎದುರಿಗೆ ಬಂತು. ಅವರೂ ಓದಿ ಒಪ್ಪಿಕೊಂಡರು. ಅವತ್ತಿನಿಂದ ನನ್ನ ಹೆಂಡತಿಯ ಮೇಲ್ ಕೂಡ ನಾಟ್‌ಮಚ್‌ನಲ್ಲಿದೆ.

ಇದು ತಾನೇ ಮೇಲ್ ತರುತ್ತದಾ, ಕಳಿಸುತ್ತದಾ?

ಎರಡೂ ಇಲ್ಲ. ತರುವುದಕ್ಕೆ ಎಂಬಿಸಿಂಕ್ ಅಥವಾ ಆಫ್‌ಲೈನ್‌ಐಮ್ಯಾಪ್, ಕಳಿಸುವುದಕ್ಕೆ ಎಂಎಸ್‌ಎಂಟಿಪಿ ಥರದ ಬೇರೆ ಪ್ರೋಗ್ರಾಮ್‌ಗಳಿವೆ. ಹುಡುಕುವುದು, ಟ್ಯಾಗ್ ಹಚ್ಚುವುದು, ತೋರಿಸುವುದು, ಇಷ್ಟೇ ಇದರ ಕೆಲಸ. ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಇನ್‌ಸ್ಟಾಲ್ ಮಾಡಿದ ಕೂಡಲೇ ಪಾಸ್‌ವರ್ಡ್ ಕೇಳುತ್ತದೆ ಅಂತ ಕಾಯುತ್ತಾರೆ. ಅದು ಪಾಸ್‌ವರ್ಡ್ ಕೇಳುವುದೇ ಇಲ್ಲ.

ಇನ್‌ಸ್ಟಾಲ್ ಮಾಡುವುದು ಹೇಗೆ?

ಡೆಬಿಯನ್, ಉಬುಂಟುವಿನಲ್ಲಿ:

ಸುಡೋ ಆಪ್ಟ್ ಇನ್‌ಸ್ಟಾಲ್ ನಾಟ್‌ಮಚ್ ಐಸಿಂಕ್

ಐಸಿಂಕ್ ಅನ್ನುವುದು ಎಂಬಿಸಿಂಕ್ ಇರುವ ಪ್ಯಾಕೇಜ್‌ನ ಹೆಸರು. ಫೆಡೋರಾದಲ್ಲಿ ಆಪ್ಟ್ ಬದಲು ಡಿಎನ್‌ಎಫ್. ಮ್ಯಾಕ್‌ನಲ್ಲಿ ಹೋಮ್‌ಬ್ರೂ ಇದ್ದರೆ ‘ಬ್ರೂ ಇನ್‌ಸ್ಟಾಲ್ ನಾಟ್‌ಮಚ್’, ಸುಡೋ ಬೇಡ.

ವಿಂಡೋಸ್‌ನಲ್ಲಿ ಆಗುತ್ತಾ?

ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯ) ಹಾಕಿಕೊಂಡು ಅದರೊಳಗಿನ ಉಬುಂಟುವಿನಲ್ಲಿ ಆಗುತ್ತದೆ. ಆದರೆ ಮೇಲ್ ಫೋಲ್ಡರನ್ನು ಸಿ ಡ್ರೈವ್‌ನಲ್ಲಿ ಇಡಬೇಡಿ, ಉಬುಂಟುವಿನ ಹೋಮ್ ಫೋಲ್ಡರ್‌ನಲ್ಲೇ ಇಡಿ. ಮೇಲ್‌ಡಿರ್, ಅಂದರೆ ಒಂದು ಮೇಲ್‌ಗೆ ಒಂದು ಫೈಲ್ ಇಡುವ ಪದ್ಧತಿಯಲ್ಲಿ ಫೈಲ್ ಹೆಸರಿನ ಕೊನೆಗೆ ಒಂದು ಕೋಲನ್ ಚಿಹ್ನೆ ಬರುತ್ತದೆ. ವಿಂಡೋಸ್‌ನಲ್ಲಿ ಫೈಲ್ ಹೆಸರಿನಲ್ಲಿ ಕೋಲನ್ ಇರುವಂತಿಲ್ಲ, ಅದಕ್ಕೇ ಗಲಾಟೆ.

ಮೇಲ್‌ಗಳನ್ನು ಕಂಪ್ಯೂಟರ್‌ಗೆ ಇಳಿಸುವುದು ಹೇಗೆ?

ಎಂಬಿಸಿಂಕ್‌ಗೆ ಹೋಮ್ ಫೋಲ್ಡರ್‌ನಲ್ಲಿ ಒಂದು ಸೆಟ್ಟಿಂಗ್ಸ್ ಫೈಲ್ ಬರೆಯಬೇಕು. ಸರ್ವರ್ ಹೆಸರು, ಯೂಸರ್ ಹೆಸರು, ಮೇಲ್ ಎಲ್ಲಿ ಬೀಳಬೇಕು, ಇಷ್ಟು. ಮಾದರಿ ಅದರ ಮ್ಯಾನ್ ಪೇಜ್ ಅನ್ನುವ ಕೈಪಿಡಿಯಲ್ಲೇ ಇದೆ. ನಾನು ಒತ್ತಿ ಹೇಳುವುದು ಒಂದು ಸಾಲಿನ ಬಗ್ಗೆ: ‘ಸಿಂಕ್ ಪುಲ್’. ಇದನ್ನು ಹಾಕಿದರೆ ಮೇಲ್ ಸರ್ವರ್‌ನಿಂದ ನಿಮ್ಮ ಕಡೆಗೆ ಮಾತ್ರ ಹರಿಯುತ್ತದೆ. ನಿಮ್ಮ ಕಡೆ ಏನೇ ಎಡವಟ್ಟಾದರೂ ಸರ್ವರ್‌ನಲ್ಲಿರುವ ಮೇಲ್‌ಗೆ ಧಕ್ಕೆ ಇಲ್ಲ. ಕೈ ಪಳಗುವವರೆಗೆ ಹೀಗೇ ಇರಲಿ. ಇಳಿಸುವ ಕಡೆ ಫೋಲ್ಡರ್ ತಾನೇ ಹುಟ್ಟಬೇಕಾದರೆ ‘ಕ್ರಿಯೇಟ್ ನಿಯರ್’ ಅನ್ನುವ ಸಾಲೂ ಬೇಕು. ಆಮೇಲೆ:

ಎಂಬಿಸಿಂಕ್ -ಎ

ಮೊದಲ ಸಲ ರಾತ್ರಿ ಬಿಟ್ಟು ಮಲಗಿ. ನಡುವೆ ಕರೆಂಟ್ ಹೋದರೂ ಚಿಂತೆ ಇಲ್ಲ, ಮತ್ತೆ ಓಡಿಸಿದರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ.

ಜಿಮೇಲ್ ಪಾಸ್‌ವರ್ಡ್ ಸರಿಯಾಗಿದೆ, ಆದರೂ ತಪ್ಪು ಅನ್ನುತ್ತೆ.

ಮಾಮೂಲಿ ಪಾಸ್‌ವರ್ಡ್ ಇಲ್ಲಿ ನಡೆಯುವುದಿಲ್ಲ. ಗೂಗಲ್ ಅಕೌಂಟ್‌ನಲ್ಲಿ ಎರಡು ಹಂತದ ಪರಿಶೀಲನೆ ಆನ್ ಮಾಡಿ, ಆ್ಯಪ್ ಪಾಸ್‌ವರ್ಡ್ ಅಂತ 16 ಅಕ್ಷರದ್ದೊಂದನ್ನು ಪಡೆದುಕೊಳ್ಳಬೇಕು. ಅದನ್ನು ಸೆಟ್ಟಿಂಗ್ಸ್ ಫೈಲ್‌ನಲ್ಲಿ ನೇರವಾಗಿ ಬರೆದಿಡಬೇಡಿ. ಎಂಬಿಸಿಂಕ್‌ನಲ್ಲಿ ‘ಪಾಸ್‌ಸಿಎಂಡಿ’ ಅನ್ನುವ ಸೌಲಭ್ಯ ಇದೆ. ಬೀಗ ಹಾಕಿಟ್ಟ ಪಾಸ್‌ವರ್ಡನ್ನು ಬೇರೆ ಕಮಾಂಡ್‌ನಿಂದ ತರಿಸಿಕೊಳ್ಳುವುದಕ್ಕೆ ಅದನ್ನೇ ಬಳಸಿ.

ನನ್ನ ಹತ್ತಿರ ಎಲ್ಲ ಮೇಲ್ ಒಂದೇ ದೊಡ್ಡ ಫೈಲ್‌ನಲ್ಲಿದೆ. ಆಗುತ್ತಾ?

ಗೂಗಲ್ ಟೇಕ್‌ಔಟ್‌ನಿಂದ ಇಳಿಸಿದರೆ ಹಾಗೇ ಬರುತ್ತದೆ, ಅದು ಎಂಬಾಕ್ಸ್ ಪದ್ಧತಿ. ನಾಟ್‌ಮಚ್‌ಗೆ ಒಂದು ಮೇಲ್‌ಗೆ ಒಂದು ಫೈಲ್ ಇರಬೇಕು. ಎಂಬಿ2ಎಂಡಿ ಅನ್ನುವ ಪುಟ್ಟ ಪ್ರೋಗ್ರಾಮ್ ಒಂದನ್ನು ಇನ್ನೊಂದಾಗಿ ಬಿಡಿಸಿಕೊಡುತ್ತದೆ. ಪೈಥಾನ್ ಬಲ್ಲವರು ಅದರ ಮೇಲ್‌ಬಾಕ್ಸ್ ಮಾಡ್ಯೂಲ್‌ನಿಂದಲೂ ಮಾಡಬಹುದು.

ಮೊದಲ ಸಲ ಏನು ಮಾಡಬೇಕು?

ನಾಟ್‌ಮಚ್ ಸೆಟಪ್

ನಿಮ್ಮ ಹೆಸರು, ಮುಖ್ಯ ಮೇಲ್ ವಿಳಾಸ, ಬೇರೆ ವಿಳಾಸಗಳು, ಮೇಲ್ ಇರುವ ಫೋಲ್ಡರ್, ಹೊಸ ಮೇಲ್‌ಗೆ ಯಾವ ಟ್ಯಾಗ್, ಹುಡುಕುವಾಗ ಯಾವ ಟ್ಯಾಗ್ ಬಿಡಬೇಕು ಅಂತ ಕೇಳುತ್ತದೆ. ಫೋಲ್ಡರ್ ವಿಷಯದಲ್ಲಿ ಮಾತ್ರ ಗಮನವಿರಲಿ. ಅಕೌಂಟ್‌ಗಳೆಲ್ಲ ಯಾವುದರ ಒಳಗಿವೆಯೋ ಆ ಮೇಲಿನ ಫೋಲ್ಡರನ್ನು ಕೊಡಿ. ಉಳಿದದ್ದಕ್ಕೆ ಸುಮ್ನೆ ಎಂಟರ್ ಒತ್ತಿದರೂ ನಡೆಯುತ್ತದೆ. ಆಮೇಲೆ:

ನಾಟ್‌ಮಚ್ ನ್ಯೂ

ಇದು ಇಂಡೆಕ್ಸ್, ಅಂದರೆ ಮೊದಲು ಹೇಳಿದ ಪದಗಳ ಪಟ್ಟಿ, ಕಟ್ಟುವ ಕಮಾಂಡ್. ಮೊದಲ ಸಲ ಎಲ್ಲ ಮೇಲ್ ಓದುವುದರಿಂದ ಹೊತ್ತು ಹಿಡಿಯುತ್ತದೆ. ಹಳೇ ಹಾರ್ಡ್‌ಡಿಸ್ಕ್ ಆದರೆ ಇನ್ನೂ ಜಾಸ್ತಿ. ಆಮೇಲಿಂದ ಬದಲಾದ ಫೋಲ್ಡರ್‌ಗಳನ್ನಷ್ಟೇ ನೋಡುವುದರಿಂದ ಬೇಗ ಮುಗಿಯುತ್ತದೆ. ಪ್ರತಿ ಸಲ ಮೇಲ್ ಇಳಿಸಿದ ಮೇಲೆ ಇದನ್ನು ಓಡಿಸಬೇಕು. ಮರೆತರೆ ಹೊಸ ಮೇಲ್ ಹುಡುಕಾಟಕ್ಕೆ ಸಿಗುವುದಿಲ್ಲ. ನಿಮ್ಮ ಮೇಲ್ ಫೈಲ್‌ಗಳ ಒಳಗೆ ನಾಟ್‌ಮಚ್ ಏನನ್ನೂ ಬರೆಯುವುದಿಲ್ಲ, ಇಂಡೆಕ್ಸ್ ಬೇರೆ ಇರುತ್ತದೆ.

ಸರಿ, ಹುಡುಕುವುದು ಹೇಗೆ?

ಸುಲಭದ್ದು ಇದು:

ನಾಟ್‌ಮಚ್ ಸರ್ಚ್ ಅಡ್ವಾನ್ಸ್

ಒಂದೊಂದು ಮಾತುಕತೆಗೆ ಒಂದೊಂದು ಸಾಲು ಬರುತ್ತದೆ. ಮೊದಲು ಥ್ರೆಡ್ ಅಂತ ಒಂದು ಉದ್ದದ ಗುರುತು, ಆಮೇಲೆ ತಾರೀಖು, ಆಮೇಲೆ ಚೌಕ ಆವರಣದಲ್ಲಿ 1/3 ಥರ ಎರಡು ಅಂಕಿ, ಬರೆದವರ ಹೆಸರು, ವಿಷಯ, ಕೊನೆಗೆ ಟ್ಯಾಗ್‌ಗಳು. 1/3 ಅಂದರೆ ಆ ಮಾತುಕತೆಯಲ್ಲಿ ಮೂರು ಮೇಲ್ ಇವೆ, ನೀವು ಹುಡುಕಿದ್ದು ಅವುಗಳಲ್ಲಿ ಒಂದರಲ್ಲಿದೆ ಅಂತ. ಓದಬೇಕಾದರೆ ‘ಸರ್ಚ್’ ತೆಗೆದು ‘ಶೋ’ ಹಾಕಿ, ಪಕ್ಕದಲ್ಲಿ ಆ ಥ್ರೆಡ್ ಗುರುತನ್ನು ಅಂಟಿಸಿ.

ಪದದ ಮುಂದೆ ಫ್ರಮ್, ಟು, ಸಬ್ಜೆಕ್ಟ್, ಟ್ಯಾಗ್, ಡೇಟ್, ಅಟ್ಯಾಚ್‌ಮೆಂಟ್, ಫೋಲ್ಡರ್ ಅಂತ ಹಾಕಿ ಕೋಲನ್ ಇಟ್ಟರೆ ಅಲ್ಲಿ ಮಾತ್ರ ಹುಡುಕುತ್ತದೆ:

ನಾಟ್‌ಮಚ್ ಸರ್ಚ್ ಫ್ರಮ್:ಎಲ್‌ಐಸಿ ಸಬ್ಜೆಕ್ಟ್:ರಿಸೀಟ್

ಟು ಅಂದರೆ ಸಿಸಿ, ಬಿಸಿಸಿಯಲ್ಲಿ ಇದ್ದವರೂ ಸೇರಿದರು. ಎರಡು ಪದ ಕೊಟ್ಟರೆ ಎರಡೂ ಇರುವ ಮೇಲ್ ಬರುತ್ತದೆ. ಎರಡರಲ್ಲಿ ಒಂದು ಸಾಕು ಅಂದರೆ ನಡುವೆ ‘ಆರ್’, ಬೇಡದ್ದಕ್ಕೆ ಮುಂದೆ ‘ನಾಟ್’. ಆವರಣ, ನಕ್ಷತ್ರ, ಜೋಡಿ ಉದ್ಧರಣ ಚಿಹ್ನೆ ಬಳಸುವಾಗ ಇಡೀ ಪ್ರಶ್ನೆಯನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಇಡಿ. ಇಲ್ಲದಿದ್ದರೆ ಆ ಚಿಹ್ನೆಗಳನ್ನು ಶೆಲ್ (ಟರ್ಮಿನಲ್‌ನಲ್ಲಿ ಕಮಾಂಡ್ ಓದುವ ಪ್ರೋಗ್ರಾಮ್) ತನಗೇ ಅಂದುಕೊಳ್ಳುತ್ತದೆ. ಒಟ್ಟು ಎಷ್ಟಿವೆ ಅಂತ ಮಾತ್ರ ಬೇಕಾದರೆ ‘ಸರ್ಚ್’ ಬದಲು ‘ಕೌಂಟ್’.

ತಾರೀಖು ಕೊಟ್ಟರೆ ಏನೇನೋ ಬರುತ್ತೆ.

ನಾವು ದಿನ ಮೊದಲು ಬರೆಯುತ್ತೇವೆ. ಓರೆ ಗೆರೆ ಹಾಕಿದರೆ ನಾಟ್‌ಮಚ್ ತಿಂಗಳು ಮೊದಲು ಅಂದುಕೊಳ್ಳುತ್ತದೆ. ಜೂನ್ 5 ಅಂದುಕೊಂಡು 5/6 ಅಂತ ಕೊಟ್ಟರೆ ಮೇ 6ರ ಮೇಲ್ ತೋರಿಸುತ್ತದೆ. ಅದಕ್ಕೇ ಯಾವಾಗಲೂ ವರ್ಷ, ತಿಂಗಳು, ದಿನ ಹೀಗೇ ಬರೆಯಿರಿ. ಟ್ಯಾಕ್ಸ್ ಕಟ್ಟುವ ಕಾಲದಲ್ಲಿ ನಾನು ಬಳಸುವ ಸಾಲು ಇದು:

ನಾಟ್‌ಮಚ್ ಸರ್ಚ್ ಟ್ಯಾಗ್:ಅಟ್ಯಾಚ್‌ಮೆಂಟ್ ಡೇಟ್:2023-04-01..2024-03-31

ಏಪ್ರಿಲ್‌ನಿಂದ ಮಾರ್ಚ್‌ವರೆಗಿನ, ಅಟ್ಯಾಚ್‌ಮೆಂಟ್ ಇರುವ ಎಲ್ಲ ಮೇಲ್. ಅಟ್ಯಾಚ್‌ಮೆಂಟ್ ಅನ್ನುವ ಟ್ಯಾಗ್ ಇಂಡೆಕ್ಸ್ ಮಾಡುವಾಗ ತಾನಾಗೇ ಬೀಳುತ್ತದೆ. ಎರಡು ಚುಕ್ಕೆಯ ಒಂದು ಕಡೆ ಖಾಲಿ ಬಿಡಬಹುದು: ‘ಡೇಟ್:ಯೆಸ್ಟರ್‌ಡೇ..’ ಅಂದರೆ ನಿನ್ನೆಯಿಂದ ಈಚೆಗೆ. ನಡುವೆ ಜಾಗ ಮಾತ್ರ ಬಿಡಬಾರದು.

ಕನ್ನಡ ಪದ ಹುಡುಕಬಹುದಾ?

ಖಂಡಿತ. ಯುನಿಕೋಡ್‌ನಲ್ಲಿ ಬರೆದ ಕನ್ನಡ ಮೇಲ್ ಎಲ್ಲ ಸಿಗುತ್ತದೆ. ಆದರೆ ಇಂಗ್ಲಿಷ್‌ಗೆ ಇರುವ ಒಂದು ಅನುಕೂಲ ಕನ್ನಡಕ್ಕಿಲ್ಲ. ಇಂಗ್ಲಿಷ್‌ನಲ್ಲಿ ‘ಡೀಟೇಲ್’ ಅಂದರೆ ‘ಡೀಟೇಲ್ಸ್’ ಕೂಡ ಸಿಗುತ್ತದೆ, ಪದದ ಬಾಲವನ್ನು ಅದೇ ಕತ್ತರಿಸಿಕೊಳ್ಳುತ್ತದೆ. ಕನ್ನಡದ ವಿಭಕ್ತಿ ಅದಕ್ಕೆ ಗೊತ್ತಿಲ್ಲ. ‘ಬ್ಯಾಂಕ್’ ಅಂತ ಹುಡುಕಿದರೆ ‘ಬ್ಯಾಂಕಿಗೆ ಹೋಗಿದ್ದೆ’ ಅಂತ ಬರೆದ ಮೇಲ್ ಬರುವುದಿಲ್ಲ.

ಇದಕ್ಕೆ ದಾರಿ ನಕ್ಷತ್ರ ಚಿಹ್ನೆ. ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದು ಮುಖ್ಯ:

ನಾಟ್‌ಮಚ್ ಸರ್ಚ್ 'ಬ್ಯಾಂಕ*'

ಕೊನೆಯ ಅಕ್ಷರಕ್ಕೆ ಗುಣಿತ ಹಾಕದೆ ‘ಕ’ದಲ್ಲೇ ನಿಲ್ಲಿಸಿದ್ದೇನೆ, ನೋಡಿ. ಕಂಪ್ಯೂಟರ್ ಕಣ್ಣಿಗೆ ‘ಕಿ’ ಅಂದರೆ ‘ಕ’ ಮತ್ತು ಅದರ ಪಕ್ಕ ಒಂದು ಗುಡಿಸು. ‘ಕ್’ ಅಂದರೆ ‘ಕ’ ಮತ್ತು ಅರ್ಧಾಕ್ಷರದ ಗುರುತು. ಆದ್ದರಿಂದ ಬ್ಯಾಂಕ್, ಬ್ಯಾಂಕು, ಬ್ಯಾಂಕಿಗೆ, ಬ್ಯಾಂಕಿನ, ಬ್ಯಾಂಕಲ್ಲಿ, ಎಲ್ಲವೂ ಈ ಬಲೆಗೆ ಬೀಳುತ್ತವೆ. ‘ಬೆಂಗಳೂರ*’ ಕೂಡ ಹಾಗೇ. ನಕ್ಷತ್ರ ಪದದ ಕೊನೆಗೆ ಮಾತ್ರ ನಡೆಯುತ್ತದೆ, ಮುಂದೆ ಹಾಕುವಂತಿಲ್ಲ.

ಗಿಡ್ಡ ಪದಗಳಲ್ಲಿ ಸ್ವಲ್ಪ ಯೋಚಿಸಬೇಕು. ‘ಮನೆ*’ ಅಂದರೆ ಮನೆಗೆ, ಮನೆಯ ಸಿಗುತ್ತವೆ. ಆದರೆ ‘ಮನೇಲಿ’ ಅಂತ ಮಾತಿನಂತೆ ಬರೆದದ್ದು ಸಿಗುವುದಿಲ್ಲ, ಅಲ್ಲಿರುವುದು ದೀರ್ಘ. ‘ಮನ*’ ಅಂದರೆ ಮನಸ್ಸು, ಮನವಿ ಎಲ್ಲ ಬಂದುಬಿಡುತ್ತವೆ. ಇಂಥ ಕಡೆ ಎರಡನ್ನೂ ಕೊಡಿ:

ನಾಟ್‌ಮಚ್ ಸರ್ಚ್ 'ಮನೆ* ಆರ್ ಮನೇ*'

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಝೇಪಿಯನ್ 64 ಬೈಟ್‌ಗಿಂತ ಉದ್ದದ ಪದವನ್ನು ಇಂಡೆಕ್ಸ್‌ಗೆ ಸೇರಿಸುವುದೇ ಇಲ್ಲ. ಇಂಗ್ಲಿಷ್‌ನಲ್ಲಿ ಅಷ್ಟು ಉದ್ದದ ಪದ ಬರುವುದು ಅಪರೂಪ. ಕನ್ನಡದಲ್ಲಿ ಹಾಗಲ್ಲ. ಯುನಿಕೋಡ್ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಗುಣಿತ, ಅರ್ಧಾಕ್ಷರದ ಗುರುತು ಕೂಡ ಬೇರೆ ಬೇರೆ ಎಣಿಕೆ. ‘ವಿಶ್ವವಿದ್ಯಾನಿಲಯಗಳಲ್ಲಿ’ ಪದಕ್ಕೆ 21 ಚಿಹ್ನೆ, 63 ಬೈಟ್, ಹೇಗೋ ದಾಟಿತು. ‘ವಿಶ್ವವಿದ್ಯಾನಿಲಯಗಳಲ್ಲಿರುವ’ ಅಂದರೆ 72 ಬೈಟ್, ಬಿಟ್ಟುಹೋಯಿತು. ಆಗ ‘ವಿಶ್ವವಿದ್ಯಾ*’ ಹಾಕಿದರೂ ಆ ಪದ ಸಿಗುವುದಿಲ್ಲ. ಉದ್ದುದ್ದ ಪದ ಕೂಡಿಸಿ ಬರೆಯುವವರ ಮೇಲ್ ಹುಡುಕುವಾಗ ಅದೇ ಮೇಲ್‌ನಲ್ಲಿರಬಹುದಾದ ಬೇರೊಂದು ಗಿಡ್ಡ ಪದವನ್ನು ನೆನಪು ಮಾಡಿಕೊಳ್ಳಿ.

ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ?

ನಮ್ಮ ಮನೆಯ ಹಳೇ ಮೇಲ್‌ಗಳೆಲ್ಲ ಹಾಗೇ ಇವೆ. ಅಪ್ಪ ಶಿರಸಿಯ ಸೈಬರ್ ಸೆಂಟರ್‌ಗೆ ಹೋಗಿ ತಿಂಗಳಿಗೊಂದು ಮೇಲ್ ಹಾಕುತ್ತಿದ್ದರು. ಕೊಳೆ ರೋಗ ಎಷ್ಟು ಬಂತು, ಕೊನೆ ಕೊಯ್ಲು ಯಾವಾಗ, ಯಾರ ಮನೆಯಲ್ಲಿ ಏನು ವಿಶೇಷ, ಎಲ್ಲ ಬರೆಯುತ್ತಿದ್ದರು. ಅಡಿಕೆ ಅನ್ನುವ ಒಂದು ಪದವನ್ನು ಅವರು ಒಂದು ಸಲ ಎ-ಡಿ-ಐ-ಕೆ-ಇ, ಇನ್ನೊಂದು ಸಲ ನಡುವಿನ ಐ ಬಿಟ್ಟು ಎ-ಡಿ-ಕೆ-ಇ, ಮತ್ತೊಂದು ಸಲ ಐ ಬದಲು ಎ ಹಾಕಿ ಬರೆದಿದ್ದಾರೆ. ಯಾವ ಪ್ರೋಗ್ರಾಮ್‌ಗೂ ಈ ಮೂರೂ ಒಂದೇ ಅಂತ ತಾನಾಗಿ ಹೊಳೆಯುವುದಿಲ್ಲ. ಮೂರನ್ನೂ ‘ಆರ್’ ಹಾಕಿ ಸೇರಿಸಿ, ಮುಂದೆ ಫ್ರಮ್ ಅಂತ ಅವರ ವಿಳಾಸ ಕೊಟ್ಟೆ. ಸಿಕ್ಕಿದ ಮೇಲ್‌ಗಳಿಗೆಲ್ಲ ‘ಅಪ್ಪ’ ಅಂತ ಟ್ಯಾಗ್ ಹಚ್ಚಿದೆ. ಅವರು ಈಗಿಲ್ಲ. ಅಡಿಕೆ ಕೊಯ್ಲಿನ ಹೊತ್ತಿಗೆ ಒಮ್ಮೊಮ್ಮೆ ಅವನ್ನು ತೆಗೆದು ಓದುತ್ತೇನೆ.

ನೀವೂ ನಿಮ್ಮವರ ಬರವಣಿಗೆ ನೆನಪು ಮಾಡಿಕೊಂಡು ಇಂಥ ಸಾಲು ಕಟ್ಟಿ, ಒಂದು ಫೈಲ್‌ನಲ್ಲಿ ಬರೆದಿಟ್ಟುಕೊಳ್ಳಿ.

ಹಳೇ ಕನ್ನಡ ಮೇಲ್ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತೆ.

ಅದು ನುಡಿ ಅಥವಾ ಬರಹದ ಹಳೇ ಫಾಂಟ್‌ನಲ್ಲಿ ಬರೆದದ್ದು. ಆ ಕಾಲದ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಚಿತ್ರದಂತೆ ಕೂರಿಸುತ್ತಿದ್ದವು. ಮೇಲ್‌ನೊಳಗೆ ಉಳಿದಿರುವುದು ಆ ಇಂಗ್ಲಿಷ್ ಅಕ್ಷರಗಳೇ. ಹಾಗಾಗಿ ಕನ್ನಡದಲ್ಲಿ ಹುಡುಕಿದರೆ ಅವು ಸಿಗುವುದಿಲ್ಲ. ಕಳಿಸಿದವರ ಹೆಸರು, ತಾರೀಖಿನಿಂದ ಹುಡುಕಿ ತೆಗೆಯಿರಿ. ಆಮೇಲೆ ಯುನಿಕೋಡ್‌ಗೆ ಬದಲಾಯಿಸುವ ಪರಿವರ್ತಕದಲ್ಲಿ ಹಾಕಿ ಓದಿ.

ಟರ್ಮಿನಲ್‌ನಲ್ಲಿ ಒತ್ತಕ್ಷರ ಒಡೆದು ಕಾಣುತ್ತೆ. ಹುಡುಕಾಟ ಕೆಡುತ್ತಾ?

ಇಲ್ಲ. ಅದು ತೋರಿಸುವ ತೊಂದರೆ ಅಷ್ಟೇ. ಅನೇಕ ಟರ್ಮಿನಲ್‌ಗಳು ಒಂದೊಂದು ಅಕ್ಷರಕ್ಕೂ ಒಂದೇ ಅಳತೆಯ ಚೌಕ ಕೊಡುತ್ತವೆ, ನಮ್ಮ ಒತ್ತು, ಗುಣಿತ ಅದರಲ್ಲಿ ಸರಿಯಾಗಿ ಕೂರುವುದಿಲ್ಲ. ಕನ್ನಡ ಮೇಲ್ ಜಾಸ್ತಿ ಓದುವವರು ಈಮ್ಯಾಕ್ಸ್ ಅನ್ನುವ ಎಡಿಟರ್‌ನ ಕಿಟಕಿಯಲ್ಲಿ ನಾಟ್‌ಮಚ್ ಬಳಸಿ. ಅದರ 27ನೇ ಆವೃತ್ತಿಯಿಂದ ಅಕ್ಷರ ಜೋಡಿಸುವ ಹಾರ್ಫ್‌ಬಜ್ ಅನ್ನುವ ಲೈಬ್ರರಿ ಇದೆ, ಕನ್ನಡ ಚೆನ್ನಾಗಿ ಕಾಣುತ್ತದೆ. ಈಮ್ಯಾಕ್ಸ್ ಬೇಡ ಅನ್ನುವವರಿಗೆ ನಿಯೋಮಟ್, ಅಲಾಟ್ ಅನ್ನುವ ಮೇಲ್ ಪ್ರೋಗ್ರಾಮ್‌ಗಳಿವೆ.

ಪಿಡಿಎಫ್ ಒಳಗಿನ ಪದ ಸಿಗುತ್ತಾ?

ಇಲ್ಲ. ಅಟ್ಯಾಚ್‌ಮೆಂಟ್‌ನ ಹೆಸರು ಮಾತ್ರ ಇಂಡೆಕ್ಸ್‌ಗೆ ಸೇರುತ್ತದೆ. ‘ಅಟ್ಯಾಚ್‌ಮೆಂಟ್:ಪಿಡಿಎಫ್’ ಅಂತ ಹುಡುಕಬಹುದು. ಸ್ಕ್ಯಾನ್ ಕಳಿಸುವಾಗ ಫೈಲ್‌ಗೆ ಅರ್ಥವಾಗುವ ಹೆಸರಿಡಿ, ಮುಂದೆ ನಿಮಗೇ ಉಪಕಾರ.

ಮೇಲ್ ಇದೆ ಅಂತ ಖಾತ್ರಿ ಇದೆ, ಆದರೂ ಸಿಗ್ತಿಲ್ಲ.

ಮೊದಲು ‘ನಾಟ್‌ಮಚ್ ನ್ಯೂ’ ಓಡಿಸಿ. ಆಮೇಲೂ ಇಲ್ಲದಿದ್ದರೆ ಹೆಚ್ಚಿನ ಸಲ ಕಾರಣ ಇದು: ಡಿಲೀಟೆಡ್, ಸ್ಪ್ಯಾಮ್ ಟ್ಯಾಗ್ ಇರುವ ಮೇಲ್‌ಗಳನ್ನು ಹುಡುಕಾಟದಿಂದ ಬಿಡು ಅಂತ ಸೆಟಪ್‌ನಲ್ಲಿ ಹೇಳಿರುತ್ತೀರಿ. ‘ಸರ್ಚ್’ ಆದ ಮೇಲೆ ‘--ಎಕ್ಸ್‌ಕ್ಲೂಡ್=ಫಾಲ್ಸ್’ ಸೇರಿಸಿ ನೋಡಿ.

ಟ್ಯಾಗ್ ಹಚ್ಚುವುದು ಹೇಗೆ?

ನಾಟ್‌ಮಚ್ ಟ್ಯಾಗ್ +ಕರೆಂಟ್‌ಬಿಲ್ -ಇನ್‌ಬಾಕ್ಸ್ -- ಸಬ್ಜೆಕ್ಟ್:ಬೆಸ್ಕಾಂ

ಕೂಡಿಸುವ ಚಿಹ್ನೆ ಹಾಕಿದರೆ ಟ್ಯಾಗ್ ಸೇರುತ್ತದೆ, ಕಳೆಯುವ ಚಿಹ್ನೆಗೆ ಹೋಗುತ್ತದೆ. ಎರಡು ಅಡ್ಡ ಗೆರೆಯ ಆಚೆ ಇರುವುದು ಹುಡುಕಾಟ. ಎಷ್ಟು ಸಾವಿರ ಮೇಲ್ ಇದ್ದರೂ ಒಂದೇ ಏಟಿಗೆ ಆಗುತ್ತದೆ. ಅದಕ್ಕೇ ಅದೇ ಹುಡುಕಾಟವನ್ನು ಮೊದಲು ‘ಕೌಂಟ್’ನಲ್ಲಿ ಹಾಕಿ ಸಂಖ್ಯೆ ಸರಿಯಾಗಿದೆಯಾ ನೋಡಿಕೊಳ್ಳಿ. ಇಂಥ ಸಾಲುಗಳನ್ನು ಪೋಸ್ಟ್-ನ್ಯೂ ಅನ್ನುವ ಹುಕ್ ಫೈಲ್‌ನಲ್ಲಿ ಬರೆದಿಟ್ಟರೆ ಪ್ರತಿ ಸಲ ‘ನ್ಯೂ’ ಆದ ಮೇಲೆ ತಾವೇ ಓಡುತ್ತವೆ.

ಮೇಲ್ ಅಳಿಸುವುದು?

ನಾಟ್‌ಮಚ್ ಯಾವ ಮೇಲನ್ನೂ ತಾನಾಗಿ ಅಳಿಸುವುದಿಲ್ಲ. ಡಿಲೀಟೆಡ್ ಅನ್ನುವುದೂ ಬರೀ ಟ್ಯಾಗ್, ಫೈಲ್ ಅಲ್ಲೇ ಇರುತ್ತದೆ. ನಿಜವಾಗಿ ತೆಗೆಯಬೇಕಾದರೆ ‘--ಔಟ್‌ಪುಟ್=ಫೈಲ್ಸ್’ ಹಾಕಿ ಫೈಲ್‌ಗಳ ಪಟ್ಟಿ ತೆಗೆದು, ಕಣ್ಣಾಡಿಸಿ, ಆಮೇಲೆ ನೀವೇ ಅಳಿಸಿ ‘ನ್ಯೂ’ ಓಡಿಸಬೇಕು. ನನ್ನ ಮಾತು ಕೇಳುವುದಾದರೆ ಅಳಿಸಲೇಬೇಡಿ.

‘ಲಾಕ್’ ಅಂತ ಏನೋ ತಪ್ಪು ತೋರಿಸುತ್ತೆ.

ಇನ್ನೊಂದು ಕಡೆ ‘ನ್ಯೂ’ ಅಥವಾ ‘ಟ್ಯಾಗ್’ ಓಡುತ್ತಿದೆ, ಹೆಚ್ಚಾಗಿ ನೀವೇ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕಮಾಂಡ್ ಓಡಿಸುವ ಪ್ರೋಗ್ರಾಮ್) ಇಟ್ಟದ್ದು. ಒಂದು ಸಮಯಕ್ಕೆ ಒಬ್ಬರೇ ಬರೆಯಬಹುದು. ಅದು ಮುಗಿಯಲಿ, ಮತ್ತೆ ಓಡಿಸಿ.

ಹೊಸ ಲ್ಯಾಪ್‌ಟಾಪ್‌ಗೆ ಹೋಗುವಾಗ ಏನು ಒಯ್ಯಬೇಕು?

ಮೇಲ್ ಫೋಲ್ಡರ್, ಮತ್ತು ಟ್ಯಾಗ್‌ಗಳ ಪಟ್ಟಿ. ಇಂಡೆಕ್ಸ್ ಹೋದರೆ ಮತ್ತೆ ಕಟ್ಟಬಹುದು. ಟ್ಯಾಗ್‌ಗಳು ಇಂಡೆಕ್ಸ್‌ನೊಳಗೆ ಮಾತ್ರ ಇರುತ್ತವೆ, ಅವು ಹೋದರೆ ಹೋದವು. ಹಾಗಾಗಿ:

ನಾಟ್‌ಮಚ್ ಡಂಪ್ --ಜಿಝಿಪ್ --ಔಟ್‌ಪುಟ್=ಟ್ಯಾಗ್‌ಗಳು.ಜಿಝಡ್

ಇದನ್ನು ನಾನು ವಾರಕ್ಕೊಂದು ಸಲ ಕ್ರಾನ್‌ನಲ್ಲಿ ಓಡಿಸಿ, ಮೇಲ್ ಫೋಲ್ಡರ್ ಜೊತೆಗೇ ಪೆನ್‌ಡ್ರೈವ್‌ಗೆ ಹಾಕುತ್ತೇನೆ. ಹೊಸ ಕಂಪ್ಯೂಟರ್‌ನಲ್ಲಿ ಮೊದಲು ಸೆಟಪ್, ಆಮೇಲೆ ನ್ಯೂ, ಕೊನೆಗೆ ‘ನಾಟ್‌ಮಚ್ ರಿಸ್ಟೋರ್ --ಇನ್‌ಪುಟ್=ಟ್ಯಾಗ್‌ಗಳು.ಜಿಝಡ್’. ಈ ಕ್ರಮ ತಪ್ಪಿಸಬೇಡಿ. ಇಂಡೆಕ್ಸ್‌ನಲ್ಲಿ ಇನ್ನೂ ಇಲ್ಲದ ಮೇಲ್‌ಗೆ ಟ್ಯಾಗ್ ಹಚ್ಚಲು ಅದಕ್ಕೆ ಆಗುವುದಿಲ್ಲ. ಮುಗಿದ ಮೇಲೆ ‘ನಾಟ್‌ಮಚ್ ಕೌಂಟ್’ ಹಾಕಿ ಹಳೇ ಕಂಪ್ಯೂಟರ್‌ನ ಸಂಖ್ಯೆಯ ಜೊತೆ ತಾಳೆ ನೋಡಿ. ಎರಡೂ ಒಂದೇ ಬಂದ ಮೇಲೆ ಮಾತ್ರ ಹಳೇದನ್ನು ಫಾರ್ಮ್ಯಾಟ್ ಮಾಡಿ.